ತಾಯಿ ಚಿಟ್ಟೆ ಪರೀಕ್ಷೆ

ಶಿಡ್ಲಘಟ್ಟದಲ್ಲಿ ಸಂಜೆ ಕರೆಂಟು ಹೋದರೆ
ಮೊದಲು ಸುಮ್ಮನಾಗುವುದು ರಾಟೆಗಳು.
ಆಮೇಲೆ ಗಲ್ಲಿ ದಾಟಿ, ಕಿಟಕಿ ದಾಟಿ
ಬರುತ್ತದೆ ಬೆಂದ ಹುಳದ ವಾಸನೆ.
ಹದಿನಾಲ್ಕು ವರ್ಷವಾಯಿತು ಇಲ್ಲಿ;
ನನಗೀಗ ಅದೇ ಗಡಿಯಾರ.

ಚಾರ್ಜಿಂಗ್ ದೀಪದ ಕೆಳಗೆ ಅರವತ್ತೆರಡು ಉತ್ತರಪತ್ರಿಕೆ.
ಹತ್ತು ಅಂಕದ ಪ್ರಶ್ನೆ ನಾನೇ ತೆಗೆದದ್ದು:
‘ಆರಂಭದ ಅಮೆರಿಕದಲ್ಲಿ ತಾಯ್ತನದ ಆದರ್ಶ
ಹೆಂಗಸರ ಪಾತ್ರವನ್ನು ಹೇಗೆ ರೂಪಿಸಿತು? ವಿವರಿಸಿ.’

ಅರವತ್ತೊಂದು ಮಂದಿ ನನ್ನ ನೋಟ್ಸನ್ನು
ಇಸ್ತ್ರಿ ಮಾಡಿ ನನಗೇ ಮರಳಿಸಿದ್ದಾರೆ:
ರಾಜ ಹೋದ, ಗಣರಾಜ್ಯ ಬಂತು.
ಗಣರಾಜ್ಯಕ್ಕೆ ಗುಣವಂತ ಗಂಡಸರು ಬೇಕು,
ಗುಣ ತೊಟ್ಟಿಲಲ್ಲೇ ಬರಬೇಕು,
ತೊಟ್ಟಿಲ ಹಗ್ಗ ತಾಯಿಯ ಕೈಲಿ.
ಅವಳಿಗೆ ಮತವಿಲ್ಲ,
ಮತ ಹಾಕುವವನನ್ನು ಹೆತ್ತು ಬೆಳೆಸುವ ಮಾನವಿದೆ.
ಅದಕ್ಕಾಗಿ ಅವಳೂ ಅಕ್ಷರ ಕಲಿಯಲಿ,
ಮಗನಿಗಿಂತ ಒಂದು ಗೆರೆ ಕಡಿಮೆ.
ಕೊನೆಯ ಸಾಲು ನಗಿಸಲು ಹೇಳಿದ್ದು.
ಅದನ್ನೂ ಬರೆದಿದ್ದಾರೆ.

ನೋಟ್ಸಲ್ಲಿ ಇಲ್ಲದ್ದೂ ಒಂದು ಹೇಳಿದ್ದೆ ಆ ದಿನ:
ನ್ಯೂಜೆರ್ಸಿಯಲ್ಲಿ ಕೆಲವು ಕಾಲ
ಸ್ವಂತ ಆಸ್ತಿಯಿದ್ದ ಹೆಂಗಸರು ಮತ ಹಾಕಿದರು,
ವಿಧವೆಯರು, ಮದುವೆಯಾಗದವರು.
ಗಂಡನಿದ್ದವಳ ಆಸ್ತಿ ಗಂಡನದು,
ಹಾಗಾಗಿ ಅವಳಿಗಿಲ್ಲ.
ಹಿಂದಿನ ಬೆಂಚಿಂದ ಯಾರೋ,
‘ಆಗಿದ್ದಿದ್ರೆ ನೀವು ಹಾಕ್ಬೋದಿತ್ತು ಬಿಡಿ ಮೇಡಂ.’
ತರಗತಿ ನಕ್ಕಿತು. ನಾನೂ.
ಸಾವಿರದ ಎಂಟುನೂರ ಏಳರಲ್ಲಿ ಅದೂ ನಿಂತಿತು ಎಂದು
ಬೋರ್ಡು ಒರೆಸಿದೆ.

ಅರವತ್ತೆರಡನೆಯದು ಪಿ. ಗಂಗರತ್ನ,
ಜಂಗಮಕೋಟೆ ಬಸ್ಸಿನವಳು, ದಿನಾ ಹತ್ತು ನಿಮಿಷ ತಡ.
ಮೊದಲ ಪುಟ ಎಲ್ಲರ ಹಾಗೇ.
ಎರಡನೆಯದರಲ್ಲಿ ಕೈ ಬದಲಾದಂತಿದೆ:

‘ನಮ್ಮಮ್ಮ ಪಿಳ್ಳಮ್ಮ, ಬಿತ್ತನೆ ಕೋಠಿಯಲ್ಲಿ ದಿನಗೂಲಿ.
ಬೇಯಿಸುವ ಗೂಡು ಬೇರೆ, ಬಿತ್ತನೆ ಗೂಡು ಬೇರೆ.
ಬಿತ್ತನೆಯದಕ್ಕೆ ಮರ್ಯಾದೆ ಜಾಸ್ತಿ, ಬೇಯಿಸಲ್ಲ.
ಬೆಳಗಿನ ಜಾವ ಚಿಟ್ಟೆಯಾಗಲು ಬಿಡುತ್ತಾರೆ.
ರೆಕ್ಕೆ ಇರುತ್ತದೆ, ಹಾರಲ್ಲ.
ತಿನ್ನಲು ಬಾಯಿ ಕೊಟ್ಟಿಲ್ಲ ದೇವರು.
ನಾಲ್ಕು ಗಂಟೆ ಗಂಡಿನ ಜೊತೆ, ಆಮೇಲೆ ಅಮ್ಮ ಬಿಡಿಸುತ್ತಾಳೆ,
ಕಾಗದದ ಮೇಲಿಟ್ಟು ಬಟ್ಟಲು ಕವುಚುತ್ತಾಳೆ.
ಬೆಳಿಗ್ಗೆ ತೆಗೆದರೆ ನಾನೂರು ಮೊಟ್ಟೆ,
ಸಾಸಿವೆ ಚೆಲ್ಲಿದ ಹಾಗೆ.
ಅಮೆರಿಕದಲ್ಲೂ ಆಗ ಹೆಂಗಸರು
ರೇಷ್ಮೆಹುಳ ಸಾಕುತ್ತಿದ್ದರು ಅಂದಿರಿ.
ಅವರಿಗೂ ಇದು ಗೊತ್ತಿತ್ತಾ ಮೇಡಂ?’

ಅಂಚಿನಲ್ಲಿ ನನ್ನ ಕೆಂಪು ಪೆನ್ನು
ಆಗಲೇ ಬರೆದಾಗಿತ್ತು: ವಿಷಯಾಂತರ.
ಕೈಯ ಅಭ್ಯಾಸ. ಕೆಂಪಿಗೆ ರಬ್ಬರಿಲ್ಲ.

‘ಗುಲಾಮ ತಾಯಂದಿರ ಬಗ್ಗೆ ನೋಟ್ಸಲ್ಲಿ
ಒಂದೂವರೆ ಸಾಲು ಇತ್ತು.
ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಮಾರಬಹುದು.
ಅವಳ ಹಾಲು ಕುಡಿದ ಒಡೆಯರ ಮಗ
ದೊಡ್ಡವನಾಗಿ ಮತ ಹಾಕಿದ.
ಅವನ ಗುಣ ಯಾವ ತಾಯಿಯದು ಅಂತ
ನೀವು ಕೇಳಿಲ್ಲ.’

ಎದ್ದು ನೀರು ಕುಡಿದೆ.
ಎದುರುಮನೆಯವರು ಬಾಗಿನ ಹಿಡಿದು ಹೊರಟರೆ
ನನ್ನ ಬಾಗಿಲು ದಾಟಿ ಮುಂದಿನ ಬಾಗಿಲಿಗೆ ಹೋಗುತ್ತಾರೆ.
ಒಳ್ಳೆಯವರು. ಮಾರನೇ ದಿನ
ಡಬ್ಬಿಯಲ್ಲಿ ಒಬ್ಬಟ್ಟು ಕಳಿಸುತ್ತಾರೆ.
ಕರೆಂಟು ಬಂತು. ಗಲ್ಲಿ ತುಂಬ
ರಾಟೆಗಳು ಮತ್ತೆ ಗುಂಯ್ಯೆಂದವು.

‘ಮೊಟ್ಟೆಯಿಟ್ಟ ಮೇಲೆ ತಾಯಿ ಚಿಟ್ಟೆ ಪರೀಕ್ಷೆ.
ಒರಳಲ್ಲಿ ಅರೆದು, ಗಾಜಿನ ಮೇಲೊಂದು ಹನಿ ಬಿಟ್ಟು
ಸಾಹೇಬರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.
ಗಂಟುರೋಗ ಕಂಡರೆ ಮೊಟ್ಟೆ ಸುಡುತ್ತಾರೆ,
ತಪ್ಪು ತಾಯಿಯದು.
ಕಾಣದಿದ್ದರೆ ಹಾಳೆಗೆ ಸೀಲು ಬೀಳುತ್ತದೆ.
ಚಿಟ್ಟೆಗೆ ಮಾತ್ರ’

ಅಲ್ಲಿಗೆ ಗಂಟೆ ಹೊಡೆದಿರಬೇಕು.

ಹಾಳೆ ತಿರುಗಿಸಿದೆ.
ಹಿಂದೆ ಏನೂ ಇರಲಿಲ್ಲ.
ಒತ್ತಿ ಬರೆದದ್ದು ಈಚೆಗೆ ಉಬ್ಬಿತ್ತು ಅಷ್ಟೆ,
ಚುಕ್ಕೆ ಚುಕ್ಕೆಯಾಗಿ,
ಬೆರಳು ಸವರಿದರೆ ಮಾತ್ರ ತಿಳಿಯುವಂತೆ.