ಹುರಿದಾರದ ಲೆಕ್ಕ

ಕರೆಂಟು ಬಿಲ್ಲಿನ ಬೆನ್ನ ಮೇಲೆ ಹಬ್ಬದ ಪಟ್ಟಿ ಬರೆಯುತ್ತಿದ್ದೇನೆ
ನಾನು, ಬೆಲ್ಕಿಸ್, ಈ ಮನೆಯ ಗುಮಾಸ್ತೆ.
ಡಿಸೆಂಬರಿನ ಮೊದಲ ಭಾನುವಾರ, ಕರಾಕಸ್,
ನಾಲ್ಕನೇ ಮಹಡಿ. ಲಿಫ್ಟು ಕೆಟ್ಟು ಮೂರು ವರ್ಷ.

ನೀರು ಬರುವುದು ಮಂಗಳವಾರ, ಶನಿವಾರ.
ಹಾಗಾಗಿ ಯೇಸು ಹುಟ್ಟುವುದಿದ್ದರೂ ನಲ್ಲಿಯನ್ನು ಕೇಳಿಯೇ ಹುಟ್ಟಬೇಕು.
ಶನಿವಾರ ಬಾಳೆಲೆ ತೊಳೆಯುವುದು, ಒರೆಸುವುದು,
ಸೀಳಿದ್ದನ್ನು ಬೇರೆ ಇಡುವುದು, ಒಳಸುತ್ತಿಗಾದೀತು.
ಭಾನುವಾರ ಅಯಾಕ ಕಟ್ಟುವುದು:
ಮೆಕ್ಕೆಜೋಳದ ಹಿಟ್ಟು ತಟ್ಟಿ, ನಡುವೆ ಪಲ್ಯ ತುಂಬಿ,
ಎಲೆ ಮಡಚಿ, ದಾರ ಸುತ್ತಿ, ಹಂಡೆಗಿಳಿಸುವುದು. ಐವತ್ತು.
ಹೋದ ವರ್ಷ ಅರವತ್ತು. ಆಗಿನ್ನೂ ಹಂದಿಮಾಂಸ
ನಮ್ಮೊಡನೆ ಮಾತು ಬಿಟ್ಟಿರಲಿಲ್ಲ.

ಒಮೈರಾ, ತಮ್ಮನ ಹೆಂಡತಿ, ಮೆರಿಡಾದ ಬೆಟ್ಟದವಳು,
"ಒಳಗೆ ಕಡಲೆಕಾಳು ಹಾಕೋಣವಾ" ಅಂದಳು.
ಅಷ್ಟೇ ಅಂದದ್ದು.
ಅಮ್ಮನ ಕಾಫಿ ಲೋಟ ತುಟಿಗೆ ಬರುತ್ತ ಬರುತ್ತ ನಿಂತುಹೋಯಿತು.
ಕಡಲೆ!
ಆಲಿವ್ ಒಂದು, ದ್ರಾಕ್ಷಿ ಮೂರು ಎಂದು
ಅಜ್ಜಿಯ ಅಜ್ಜಿ ಎಣಿಸಿಟ್ಟು ಹೋದ ಮನೆಯಲ್ಲಿ!
ತಮ್ಮ ವಿಲ್ಮರ್ ತನ್ನ ಚಪ್ಪಲಿಯನ್ನೇ
ಮೊದಲ ಸಲ ಕಂಡವನಂತೆ ನೋಡುತ್ತ ಕೂತ.
ನಾನು ಬರೆದೆ: ಹತ್ತು, ಕಡಲೆಯವು. ಗುರುತಿಗೆ ಎರಡು ಗಂಟು.

"ಗಂಟು ಈ ಸಲ ನಾನು ಹಾಕುವುದಿಲ್ಲ" ಅಂದಳು ಅಮ್ಮ.
ಯಾರೂ ಅವಳ ಬಲಗೈ ನೋಡಲಿಲ್ಲ.
ಮಾರ್ಚಿಯಿಂದ ಅದು ಮಡಿಲಲ್ಲಿ
ಬೇರೆ ಯಾರೋ ನೋಡಿಕೊಳ್ಳಲು ಕೊಟ್ಟುಹೋದ ಕೂಸಿನ ಹಾಗೆ ಮಲಗಿದೆ.
"ಕೂತು ತಪ್ಪು ಹುಡುಕುತ್ತೇನೆ."
ಅದನ್ನೂ ಬರೆದೆ: ತಪ್ಪು ಹುಡುಕುವುದು, ಅಮ್ಮ.

ಆಮೇಲೆ ಯೋರ್ಮನ್, ಏಳು ವರ್ಷದವನು, ಮೇಜಿನಡಿಯಿಂದ:
"ನನ್ನ ಕಾಲ್ಬೆರಳಿಗೆ ದಾರ?"
ಅಮ್ಮನೇ ತಲೆಗೆ ತುಂಬಿದ್ದು. ಅವಳ ಕಾಲದಲ್ಲಿ
ದಾರದ ಒಂದು ತುದಿ ಹೆಬ್ಬೆರಳಿಗೆ, ಇನ್ನೊಂದು ಕಿಟಕಿಯಾಚೆ.
ನಸುಕಿನ ಬಲಿಪೂಜೆಗೆ ಸ್ಕೇಟು ಕಟ್ಟಿ ಹೊರಟವರು
ಹೋಗುತ್ತ ಹೋಗುತ್ತ ಎಳೆದು ಎಬ್ಬಿಸುತ್ತಿದ್ದರಂತೆ
ಇಡೀ ಬೀದಿಯ ಮಕ್ಕಳನ್ನು.

ಲೆಕ್ಕ ಹಾಕಿದೆ.
ಒಂದು ಅಯಾಕಕ್ಕೆ ನಾಲ್ಕು ಮೊಳ, ಐವತ್ತಕ್ಕೆ ಇನ್ನೂರು.
ಉಂಡೆಯಲ್ಲಿರುವುದು ಇನ್ನೂರಾರು.
ನಮ್ಮ ಕಿಟಕಿಯಿಂದ ನೆಲಕ್ಕೆ ಇಪ್ಪತ್ತಾರು.
ಹುಡುಗ ನನ್ನ ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದ.
"ನನ್ನ ಹತ್ತರಲ್ಲಿ ಐದು ಕಳೆಯಿರಿ" ಅಂದಳು ಒಮೈರಾ, ಮೆಲ್ಲಗೆ.
"ಬೇಡ" ಅಂದಳು ಅಮ್ಮ, "ದ್ರಾಕ್ಷಿಯವುಗಳಲ್ಲಿ ಕಳೆ.
ಕಡಲೆಯವು ಕಮ್ಮಿಯಾದರೆ ನಾನು ಎಲ್ಲಿ ತಪ್ಪು ಹುಡುಕಲಿ?"

ಪಟ್ಟಿಯಲ್ಲಿ ಬರೆಯದ್ದು ಒಂದಿತ್ತು:
ಈಗ ಈ ಬೀದಿಯಲ್ಲಿ ಯಾರೂ ಸ್ಕೇಟು ಕಟ್ಟುವುದಿಲ್ಲ.

ಹದಿನಾರನೇ ತಾರೀಕು, ನಸುಕಿನ ನಾಲ್ಕು.
ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ,
ಪ್ರತಿ ಮಹಡಿಯಲ್ಲೂ ಬೇರೆ ಬೇರೆ ಮನೆಯ ಗೊರಕೆ.
ಆವಿಲಾ ಬೆಟ್ಟದಿಂದಿಳಿದ ಚಳಿ ಕುತ್ತಿಗೆಗೇ ಬಂತು.
ಎತ್ತಿ ನೋಡಿದರೆ ನಮ್ಮ ಕಿಟಕಿಯಿಂದ
ಎರಡು ಎಳೆ.
ಒಂದು ಅಡುಗೆಯ ಬಿಳಿ ಹುರಿ.
ಇನ್ನೊಂದು ಕೆಂಪು ಉಣ್ಣೆ, ಯಾವ ಕಾಲದ ಸ್ವೆಟರನ್ನು ಬಿಚ್ಚಿದ್ದೋ,
ಅಲ್ಲಲ್ಲಿ ಗಂಟು ಹಾಕಿ ಉದ್ದ ಮಾಡಿದ್ದು,
ಹಾಕಲು ಬಾರದ ಎಡಗೈಯ ದಪ್ಪ ಗಂಟು.

ಮೊದಲು ಕೆಂಪನ್ನೇ ಎಳೆದೆ.

ಮೇಲಿಂದ, ಕತ್ತಲನ್ನು ಸೀಳಿ, ಬೀದಿಗೆಲ್ಲ ಕೇಳುವಂತೆ:
"ಹೀಗಾ ಎಳೆಯುವುದು?"