ಎರಡನೇ ಬ್ರೇಕು

ನನ್ನ ಕಾಲಬುಡಕೂ ಒಂದು ಬ್ರೇಕ್ ಐತಿ, ಒಂದು ಕ್ಲಚ್ ಐತಿ.
ಎಕ್ಸಿಲೇಟರ್ ಇಲ್ಲ.
ಹತ್ತೊಂಬತ್ತು ವರ್ಷ ಎಡಗಡೆ ಸೀಟಿನಾಗ ಕುಂತು
ನಾ ಕಲಿಸಿದ್ದು ಇಷ್ಟ: ನಿಂದ್ರೂದು.
ಹೋಗೂದು ಎಲ್ಲಾರಿಗೂ ಬರ್ತೈತಿ.

ಹೊಸೂರ ಸರ್ಕಲ್ಲಿನಾಗ ಬೈಗುಳ ತಿಂದೇನಿ,
ಕೋರ್ಟ್ ಸರ್ಕಲ್ಲಿನಾಗ ತಿಂದೇನಿ,
ದುರ್ಗದ ಬೈಲಿನಾಗ ಗಿರಮಿಟ್ಟಿನ ಜೋಡಿ ತಿಂದೇನಿ.
ಗಾಡಿ ಬೆನ್ನಿಗೆ ಕೆಂಪು ‘ಎಲ್’ ಕಂಡ್ರ ಸಾಕು,
ಊರಿಗೂರ ಹಾರ್ನ್ ಆಗ್ತೈತಿ.
ಹೊಸಬರಿಗೆ ಮೊದಲ ದಿನಾನ ಹೇಳ್ತೇನಿ:
ಕನ್ನಡಿಗೆ ಕಣ್ಣು ಕೊಡ್ರಿ,
ಕಿವಿ ಮನ್ಯಾಗ ಇಟ್ಟು ಬರ್ರಿ.

ದಾಕ್ಷಾಯಣಿ ಹೆಬಸೂರ, ವಯಸ್ಸು ಐವತ್ತೆರಡು,
ಗೋಪನಕೊಪ್ಪದಾಗ ರೊಟ್ಟಿ ಕೇಂದ್ರ.
ದಿನಾ ಆರುನೂರು ರೊಟ್ಟಿ, ಎಂಟು ಖಾನಾವಳಿ.
ಆಟೋ ಬಾಡಿಗಿ ಕೊಟ್ಟು ಕೊಟ್ಟು ಸಾಕಾಗಿ
ಹಳೇ ಓಮ್ನಿ ಒಂದು ತಗೊಂಡಾರ.
ಸ್ಟೇರಿಂಗ್ ಹಿಡದ ಕೈಯಾಗ
ಉಗುರಿನ ಸಂದಿಗೆ ಇನ್ನೂ ಜೋಳದ ಹಿಟ್ಟು.

ಇವತ್ತು ಹನ್ನೊಂದನೇ ಕ್ಲಾಸು.
ಉಣಕಲ್ ಕ್ರಾಸು. ಬಿಸಲು ನೆತ್ತಿಗೆ.
ಸಿಗ್ನಲ್ ಹಸರಾತು, ಗಾಡಿ ಬಂದ್ ಬಿತ್ತು.
ಬಾಜೂಕ, ತನ್ನ ದಾರಿ ತನಗಿದ್ದ ಚಿಗರಿ ಬಸ್ಸು
ಹೆಸರಿಗೆ ತಕ್ಕಂಗ ಹಾರಿ ಹೋತು.
ಹಿಂದಿನ ಬಿಳಿ ಗಾಡಿಯವ ಹಾರ್ನ್ ಮ್ಯಾಲೆ ಕುಂತ.
ಕುಂತವ ಏಳಲಿಲ್ಲ.

ಆಮ್ಯಾಲೆ ಇಳದು ಬಂದ. ಗಾಜು ಬಡದ.
“ಮನ್ಯಾಗ ಒಲಿ ಮುಂದ ಕುಂದ್ರೂದು ಬಿಟ್ಟು...”
ಉಳದದ್ದು ನಾ ಬರಿಯೂದಿಲ್ಲ.

ಹತ್ತೊಂಬತ್ತು ವರ್ಷ ನುಂಗಿದ್ದೆಲ್ಲಾ
ಒಮ್ಮಿಗಲೇ ಗಂಟಲಿಗೆ ಬಂತು.
ಬೆಲ್ಟ್ ಬಿಚ್ಚಿದೆ. ಬಾಗಲದ ಹಿಡಿಕಿಗೆ ಕೈ ಹೋತು.
ಮುಂಜಾನೆ ನಡುವ ಕೈಕೊಟ್ಟ ಸಿಲಿಂಡರು,
ಮಾಲಕನ ಮೂರು ಫೋನು,
ಯಾರೋ ಮುರದು ಹೋದ ಕನ್ನಡಿ ರೊಕ್ಕ,
ಎಲ್ಲಾ ಅವನ ಒಂದು ಕಪಾಳಕ್ಕ
ಜಮಾ ಆಗಿದ್ವು.

ಅಕ್ಕಾರು ಗಾಜು ಇಳಿಸಿದ್ರು, ನಾಕು ಬಟ್ಟಿನಷ್ಟು.
“ಹೌದ್ರೀ ಅಣ್ಣಾ, ಕಲಿಯಾಕತ್ತೇನಿ.”
ಕಾದ ಹಂಚಿನ ಮ್ಯಾಲಿನ ರೊಟ್ಟಿಗೆ
ನೀರು ಸವರಿಧಂಗ ಇತ್ತು ದನಿ.
ಅವ ಇನ್ನೊಂದು ಬೈದ, ಸಣ್ಣದು.
ಬಿಸಲಿಗೆ ಕಣ್ಣು ಕಿರದು ಮಾಡಿದ, ಹೋದ.

ಚಾವಿ ತಿರುವಿದ್ರು. ಇಂಜಿನ್ ಹತ್ತಿತು.
ಒಂದನೇ ಗೇರು. ನಾ ಕಲಿಸಿಧಂಗ
ಕ್ಲಚ್ ಹಗೂರಕ ಬಿಟ್ರು.
ಗಾಡಿ ನಡಗಿತು, ಕೆಮ್ಮಿತು, ನಿಂತಿತು.
ಇನ್ನೊಮ್ಮೆ.
ಮತ್ತ ನಿಂತಿತು.
ಹಿಂದ ಈಗ ಹತ್ತು ಹಾರ್ನು.
ನಾ ಇನ್ನೂ ಕನ್ನಡಿಯೊಳಗ
ಆ ಬಿಳಿ ಗಾಡಿಯ ತಿರುವುಮುರುವು ನಂಬರ
ಬಾಯಿಪಾಠ ಮಾಡಾಕತ್ತಿದ್ದೆ.

ಅಕ್ಕಾರು ಬಗ್ಗಿ ನನ್ನ ಕಾಲಕಡೆ ನೋಡಿದ್ರು.
ಸೆರಗಿಲೆ ಮಾರಿ ಒರಸಿಕೊಂಡ್ರು.

“ಸರ, ನಿಮ್ಮ ಬ್ರೇಕ್ ಬಿಡ್ರಿ.”