ಚೌರಿ

ಭಾಗ್ಯನಗರದ ಶೆಡ್ಡಿನಾಗ
ಗುಡ್ಡಿಗಟ್ಲೆ ಕೂದಲದ ಸಿಕ್ಕು ಬಿಡಿಸಿಕೋತ
ನಿನ್ನಿ ರಾತ್ರಿ ಸೀರಿಯಲ್ಲಿನ ಸಿಕ್ಕೂ ಬಿಡಿಸ್ತೀವಿ.

‘ಆ ಸೊಸಿ ಬಾಯಿ ಸತ್ತಾಕಿ’ ಅಂತಾಳ ಹುಲಿಗೆವ್ವ.
‘ಬಾಯಿ ಇದ್ರ ವಾರದಾಗ ಮುಗೀತದ ಕತಿ,
ಆಮ್ಯಾಲೆ ಒಂಬತ್ತಕ್ಕ ಏನ್ ನೋಡ್ತಿ?’ ಖಾಜಾಬಿ.

ಅತ್ತಿ ಪಾತ್ರದಾಕಿ ಖರೇನ ಗಂಡನ್ನ ಬಿಟ್ಟಾಳಂತ,
ಪೇಪರಿನಾಗ ಬಂದಿತ್ತಂತ,
ಮಿರ್ಚಿ ಕಟ್ಟಿದ ಪೇಪರು,
ಗಂಡನ ಹೆಸರಿನ ಮ್ಯಾಲೆ ಎಣ್ಣಿ ಹತ್ತಿತ್ತು.

‘ಬಿಡ್ಲಿ ಬಿಡು’ ಅಂದ್ಳು ಫಕೀರವ್ವ,
ಯಾವತ್ತೂ ಮಾತಾಡದಾಕಿ.
ಎಲ್ಲಾರ ಕೈ ನಿಂತವು.
ಯಾರೂ ಕೇಳಲಿಲ್ಲ.

ಖಾಜಾಬಿನೇ ಮಾರುದ್ದದ ಎಳಿ ಎತ್ತಿ ಹಿಡಿದು,
‘ಅತ್ತಿ ತುರುಬು ನೋಡಿರೇನ? ನಮ್ಮ ಮಾಲದು,
ನನ್ನ ಹಣಿಗಿ ಗುರುತು ನನಗ ಸಿಗಲ್ಲೇನು?’

ನಕ್ಕಿವಿ. ಫಕೀರವ್ವನೂ ನಕ್ಳು,
ಬಾಯಿಗೆ ಸೆರಗು ಹಿಡಿದು,
ಕೂದಲು ಹೋಗಬಾರದಂತ.